ನಿಲ್ಲಿಸಲು ಬೈಕ್ ಕೊಂಡ ಭಾವ

ಲೋಕದಲ್ಲಿ ಎಲ್ಲರೂ ಬೈಕ್ ಕೊಳ್ಳುವುದು ಓಡಿಸಲಿಕ್ಕೆ. ನನ್ನ ಭಾವ ಕೊಂಡದ್ದು ನಿಲ್ಲಿಸಲಿಕ್ಕೆ! ಸುಳ್ಳಲ್ಲ. ಲೀಟರಿಗೆ ಎಷ್ಟು ಓಡುತ್ತದೆ ಎಂದು ಕೇಳಿ ನೋಡಿ, ಅವರಿಗೆ ಗೊತ್ತಿಲ್ಲ. ಯಾವ ಇಳಿಜಾರಿನಲ್ಲಿ ಎಷ್ಟು ಬೆರಳಿನಿಂದ ಬ್ರೇಕ್ ಹಿಡಿದರೆ ಹೇಗೆ ನಿಲ್ಲುತ್ತದೆ ಎಂದು ಕೇಳಿದಿರೋ, ನಿಮ್ಮ ಆ ದಿನದ ಕೆಲಸವನ್ನೆಲ್ಲ ಮರೆತುಬಿಡಿ. ಇನ್ನೂ ವಿಚಿತ್ರವೆಂದರೆ, ನಿಲ್ಲುವುದರ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವ ಮನುಷ್ಯ ಸ್ವತಃ ಒಂದು ಕಡೆ ನಿಂತದ್ದನ್ನು ನಾವು ಯಾರೂ ಕಂಡಿರಲಿಲ್ಲ. ಊಟಕ್ಕೆ ಕೂತರೆ ಮೊಣಕಾಲು ಕುಣಿಯುತ್ತಿರುತ್ತದೆ. ಟಿವಿಯನ್ನೂ ಅತ್ತಿಂದಿತ್ತ ನಡೆಯುತ್ತಲೇ ನೋಡುತ್ತಾರೆ.

ಭಾವನೆಂದರೆ ನನ್ನ ಅಕ್ಕನ ಗಂಡ. ಅರ್ಧ ಆಯುಷ್ಯವನ್ನು ಗಲ್ಫಿನಲ್ಲಿ ಕಳೆದು ಉದ್ಯಾವರದ ಮನೆಗೆ ವಾಪಸಾದವರೇ, ದೂರ ಪ್ರಯಾಣಕ್ಕೆಂದೇ ಮಾಡಿದ ಭಾರೀ ಬೈಕೊಂದನ್ನು ತಂದು ಅಂಗಳದಲ್ಲಿ ಎಮ್ಮೆ ಕಟ್ಟಿದ ಹಾಗೆ ನಿಲ್ಲಿಸಿದರು. "ಇಷ್ಟು ವರ್ಷ ಫೋನಿನಲ್ಲೇ ಸಂಸಾರ ಮಾಡಿದ್ದಾಯ್ತು ಮಾರಾಯ. ಇನ್ನು ಅವಳನ್ನು ಹಿಂದೆ ಕೂರಿಸಿಕೊಂಡು ತಿರುಗುವುದೇ ಕೆಲಸ" ಎಂದು ಘೋಷಿಸಿದರು. ಅಕ್ಕನೋ, ಸೀರೆ ಉಟ್ಟು ಒಂದೇ ಬದಿಗೆ ಕಾಲು ಹಾಕಿ ಕೂರುವವಳು. ಭಾವ ಎಡಬದಿಯ ಸಾಮಾನಿನ ಪೆಟ್ಟಿಗೆ ಕಳಚಿ, ವೆಲ್ಡಿಂಗ್ ಅಂಗಡಿಯಲ್ಲಿ ಸೀರೆ ಗಾರ್ಡನ್ನೂ ಕಾಲಿಡಲು ಮೆಟ್ಟಿಲನ್ನೂ ಮಾಡಿಸಿ ಕೂರಿಸಿದರು. ಸೀರೆ ಗಾರ್ಡ್ ಇರುವ ಆ ಜಾತಿಯ ಬೈಕ್ ಭೂಮಿಯ ಮೇಲೆ ಇನ್ನೊಂದು ಇದ್ದೀತೇ? ನನಗಂತೂ ಸಂಶಯ!

ಅಕ್ಕ ಸುಲಭಕ್ಕೆ ಒಪ್ಪಿದವಳಲ್ಲ. ಹಿಂದೊಮ್ಮೆ ಭಾವ ರಜೆಯಲ್ಲಿ ಬಂದಿದ್ದಾಗ, ಹಳೆಯ ಸ್ಕೂಟರಿನಿಂದ ಅವಳು ಇಳಿಯುವ ಹೊತ್ತಿಗೆ ಸರಿಯಾಗಿ ಇವರು ಯಾರಿಗೋ ಕೈ ಬೀಸಲು ಬ್ರೇಕ್ ಬಿಟ್ಟಿದ್ದರು. ಸ್ಕೂಟರ್ ಸ್ವಲ್ಪವೇ ಸ್ವಲ್ಪ ಮುಂದೆ ಹೋಯಿತು. ಅಕ್ಕ ಬಿದ್ದು ಕೈ ಮುರಿದುಕೊಂಡಳು. ಇವರ ರಜೆ ಮುಗಿದು ವಿಮಾನ ಹತ್ತುವಾಗಲೂ ಅವಳ ಕೈ ಪ್ಲಾಸ್ಟರಿನಲ್ಲೇ ಇತ್ತು. ಆ ವಿಷಯವನ್ನು ಇಬ್ಬರೂ ಮತ್ತೆ ಎತ್ತಿದ್ದಿಲ್ಲ.

ಅಂತೂ ಅಕ್ಕ ಹತ್ತಿದಳು. ಪ್ರತಿ ಭಾನುವಾರ ಕಾರ್ಕಳದ ಪಕ್ಕ ಕುಕ್ಕುಂದೂರಿನ ನಮ್ಮ ಚಿಕ್ಕಮ್ಮನ ಮನೆಗೆ ಸವಾರಿ. ಬರುವಾಗ ಮಣಿಪಾಲದ ಇಳಿಜಾರು ಇಳಿದು, ಕೆಳಗೆ ಮಲ್ಲಿಗೆ ಮಾರುವಲ್ಲಿ ನಿಲ್ಲಿಸಿ, ಅಕ್ಕ ಒಂದು ಚೆಂಡು ಮಲ್ಲಿಗೆ ತೆಗೆದುಕೊಂಡ ಮೇಲೆ ಮನೆಗೆ. ಅಕ್ಕನ ಮುಖದಲ್ಲಿ ಹೊಸ ಮದುಮಗಳ ಕಳೆ ಬಂದಿತ್ತೆಂದರೆ ನೀವು ನಂಬಬೇಕು.

ಅಷ್ಟರಲ್ಲಿ ಆ ನಡುಕ ಶುರುವಾಯಿತು. ಮುಂದಿನ ಬ್ರೇಕ್ ಹಿಡಿದರೆ ಸಾಕು, ಹ್ಯಾಂಡಲ್ ಗಡಗಡ. ಅಕ್ಕ ಇಳಿದವಳೇ ಹೇಳಿಬಿಟ್ಟಳು: "ಇದರ ನಡುಕ ನಿಲ್ಲುವವರೆಗೆ ನಾನು ಹತ್ತುವುದಿಲ್ಲ. ನಿಲ್ಲದಿದ್ದರೆ ಮಾರಿಬಿಡಿ."

ಅವತ್ತಿಗೆ ನನ್ನ ಭಾನುವಾರಗಳು ಮುಗಿದವು! ಮಣಿಪಾಲದ ನನ್ನ ಬಾಡಿಗೆ ಮನೆಯ ಬಾಗಿಲಲ್ಲಿ ಬೆಳಿಗ್ಗೆಯೇ ಭಾವ ಪ್ರತ್ಯಕ್ಷ. ಅಕ್ಕನ ಜಾಗದಲ್ಲಿ ನನ್ನನ್ನು ಕೂರಿಸಿಕೊಂಡು ಕಾಪುವಿನ ಹೆದ್ದಾರಿಯಲ್ಲಿ ಪರೀಕ್ಷೆ. ಓಡಿಸುವುದು, ಬ್ರೇಕ್ ಹಿಡಿಯುವುದು, ಹಿಂದೆ ತಿರುಗಿ "ಎಂತ ಆಯ್ತು?" ಎಂದು ಕೇಳುವುದು.

"ನನ್ನ ಮೂಗು ನಿಮ್ಮ ಹೆಲ್ಮೆಟ್ಟಿಗೆ ಬಡಿಯಿತು ಭಾವ."

"ಮೂಗಿನ ಸುದ್ದಿ ಬಿಡು ಮಾರಾಯ, ನಡುಕ ಹೇಗೆ ಉಂಟು?"

ಹಿಂದಿನಿಂದ ಬಂದ ಬಸ್ಸಿನ ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ ಹೇಳಿದ ತುಳು ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಮರುವಾರ ಭಾವನಿಗೆ ಇನ್ನೊಂದು ಹೊಳೆಯಿತು. ನನಗೂ ಅಕ್ಕನಿಗೂ ತೂಕದಲ್ಲಿ ವ್ಯತ್ಯಾಸವಿದೆ, ಪರೀಕ್ಷೆ ಸರಿಯಾಗುವುದು ಹೇಗೆ? ನನ್ನ ಮಡಿಲಿಗೆ ಕುಚ್ಚಲಕ್ಕಿಯ ಚೀಲ ಬಂತು. ಈ ಲೆಕ್ಕಾಚಾರ ಅಕ್ಕನ ಕಿವಿಗೆ ಬಿದ್ದ ದಿನ ನಮ್ಮಿಬ್ಬರಿಗೂ ಚಹಾ ಸಿಗಲಿಲ್ಲ!

ಆಮೇಲೆ ಮುಂದಿನ ಚಕ್ರ ಎತ್ತಿ ನಿಲ್ಲಿಸಿದರು. ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆ ಉಂಟಲ್ಲ, ಡಿಸ್ಕ್, ಬ್ರೇಕ್ ಹಿಡಿಯುವುದು ಅದನ್ನೇ. ಅದು ಸೊಟ್ಟಗಾಗಿದ್ದರೆ ನಡುಕ ಬರುತ್ತದಂತೆ. ಸೊಟ್ಟ ಅಳೆಯಲು ಎಲ್ಲಿಂದಲೋ ಮುಳ್ಳಿರುವ ಒಂದು ಗೇಜ್ ತಂದು ಡಿಸ್ಕಿಗೆ ತಾಗಿಸಿ, ಚಕ್ರವನ್ನು ಮೆಲ್ಲ ತಿರುಗಿಸಿದರು. ಮುಳ್ಳು ಅಲ್ಲಾಡಲೇ ಇಲ್ಲ. ಡಿಸ್ಕ್ ಸರಿ ಇದೆ ಎಂದು ಸುಮ್ಮನಾಗುವ ಜೀವವೇ ಅದು? ಗೇಜಿನ ಮೇಲೆಯೇ ಸಂಶಯ ಬಂತು. ಅದನ್ನು ಪರೀಕ್ಷಿಸಲು ಒಳಗೆ ಹೋಗಿ ಅಕ್ಕನ ದೋಸೆ ಕಾವಲಿಗೆ ಹಿಡಿದರು. ಮುಳ್ಳು ಕುಣಿಯಿತು!

"ಕಾವಲಿ ಸೊಟ್ಟ ಉಂಟು ಮಾರಾಯ್ತಿ!"

"ಸೊಟ್ಟ ಕಾವಲಿಯ ದೋಸೆ ತಿಂದು ನಿಮಗೆ ಇಷ್ಟರವರೆಗೆ ಎಂತ ಆಗಿದೆ? ಅಲ್ಲಿಡಿ ಅದನ್ನು" ಎಂದಳು ಅಕ್ಕ.

ಗೇಜ್ ಸರಿ ಇದೆ ಎಂದಾದರೂ ಭಾವನಿಗೆ ಸಮಾಧಾನವಿಲ್ಲ, ಕೊನೆಗೆ ಹೊಸ ಡಿಸ್ಕುಗಳೇ ಬಂದವು. ನಡುಕ ಮಾಯ. ಅಕ್ಕ ಹತ್ತಿದಳು, ಕುಕ್ಕುಂದೂರಿಗೆ ಹೋದರು, ಮಲ್ಲಿಗೆ ತಂದರು. ನಾನು ಹೊದ್ದು ಮಲಗಿದೆ. ಮರುವಾರ ಮತ್ತೆ ಗಡಗಡ! ಅಕ್ಕ ಈ ಸಲ ಬಯ್ಯಲಿಲ್ಲ. "ಸಾಕು, ಮಾರುವ. ನಾವು ಬಸ್ಸಿನಲ್ಲೇ ಹೋಗುವ" ಎಂದಳು, ಅಷ್ಟೇ. ಭಾವನ ಮುಖ ನೋಡಲಾಗಲಿಲ್ಲ.

ಮರುದಿನ ಭಾವನ ಫೋನ್. "ಬೇಗ ಬಾ." ಹೋದೆ. ಬಿಸಿಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಭಾವ ಹೊಸ ಡಿಸ್ಕನ್ನು ತೋರಿಸಿದರು. ಹೊಳೆಯುವ ಉಕ್ಕಿನ ಮೇಲೆ ಒಂದೇ ಒಂದು ಕಪ್ಪು ಕಲೆ, ಡಿಸ್ಕನ್ನು ಕಚ್ಚಿ ಹಿಡಿಯುವ ಬ್ರೇಕ್ ಪ್ಯಾಡಿನದ್ದೇ ಆಕಾರ.

"ಡಿಸ್ಕ್ ಸುಡುವಷ್ಟು ಬಿಸಿ ಇರುವಾಗ, ಗಾಡಿ ನಿಂತ ಮೇಲೂ ಬ್ರೇಕ್ ಒತ್ತಿ ಹಿಡಿದರೆ ಪ್ಯಾಡಿನ ಪುಡಿ ಆ ಜಾಗಕ್ಕೇ ಅಂಟಿಕೊಳ್ತದೆ. ಆಮೇಲೆ ಸುತ್ತು ಸುತ್ತಿಗೂ ಅದೇ ಜಾಗ ಕುಟ್ಟುವುದು."

"ಅಷ್ಟು ಬಿಸಿ ಎಲ್ಲಿ ಆಗ್ತದೆ ಭಾವ?"

"ಮಣಿಪಾಲದ ಇಳಿಜಾರಿನಲ್ಲಿ."

"ಒತ್ತಿ ಹಿಡಿಯುವುದು?"

ಭಾವ ಅಕ್ಕನಿಗೆಂದು ಮಾಡಿಸಿದ ಮೆಟ್ಟಿಲಿನ ಕಡೆ ನೋಡಿದರು. ಮಲ್ಲಿಗೆಯ ಹತ್ತಿರ ಅಕ್ಕ ಇಳಿಯುವಾಗ ಎಂದು ನನಗೇ ಹೊಳೆಯಿತು. ಸೀರೆ ಒಟ್ಟು ಮಾಡಿ, ಮೆಟ್ಟಿಲು ಹುಡುಕಿ, ಅವಳು ಪೂರಾ ನೆಲಕ್ಕೆ ಬರುವವರೆಗೆ ಇವರು ಆ ಬ್ರೇಕನ್ನು ಜೀವ ಹಿಡಿದ ಹಾಗೆ ಹಿಡಿದಿರುತ್ತಿದ್ದರು.

"ಅಷ್ಟೇಯಾ! ಎಂಜಿನ್ ಆಫ್ ಮಾಡಿ ಗೇರಿನಲ್ಲಿ ನಿಲ್ಲಿಸಿ, ಬ್ರೇಕ್ ಬಿಟ್ಟರಾಯ್ತು" ಎಂದೆ ನಾನು, ದೊಡ್ಡ ಪಂಡಿತನ ಹಾಗೆ.

"ಗೇರಿನಲ್ಲಿ ಇದ್ದರೂ ಒಂದು ಬೆರಳಷ್ಟು ಅಲ್ಲಾಡ್ತದೆ ಮಾರಾಯ. ಅವತ್ತು ಸ್ಕೂಟರ್ ಹೋದದ್ದೂ ಅಷ್ಟೇ. ಅವಳು ಇಳಿಯುವಾಗ ನಾನು ಇನ್ನು ಬ್ರೇಕ್ ಬಿಡುವುದಿಲ್ಲ. ಶನಿವಾರ ಶನಿವಾರ ಡಿಸ್ಕ್ ಉಜ್ಜಿ ಕಲೆ ತೆಗೆಯುವುದು. ಭಾನುವಾರ ಮತ್ತೆ ಆಗಲಿ. ಮತ್ತೆ ಉಜ್ಜುವುದು."

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಎಲ್ಲ ಕೇಳಿಸಿರಬೇಕು. ಹಾಗೇ ಒಳಗೆ ಹೋದಳು. ಅವತ್ತು ಚಹಾದ ಜೊತೆ ಗೋಳಿಬಜೆಯೂ ಬಂತು.

ಮುಂದಿನ ಭಾನುವಾರ ಅವಳೇ ಮೊದಲು ಹೊರಟು ನಿಂತಳಂತೆ. ಸಂಜೆ ನಾನು ನನ್ನ ಸ್ಕೂಟರಿನಲ್ಲಿ ಮಣಿಪಾಲದಿಂದ ಅವರ ಹಿಂದೆಯೇ ಇಳಿದೆ. ಮಲ್ಲಿಗೆಯ ಹತ್ತಿರ ಬೈಕ್ ನಿಂತಿತು. ಕಾರ್ಕಳದ ಯಾರೋ ಪರಿಚಯದವರು ರಸ್ತೆಯ ಆಚೆಯಿಂದ ಭಾವನಿಗೆ ಕೈ ಬೀಸಿದರು. ಭಾವ ಕೈ ಎತ್ತಲಿಲ್ಲ. ಬ್ರೇಕಿನ ಮೇಲೆ ಅವರ ಬೆರಳುಗಳು ಬಿಳಿಚಿಕೊಂಡಿದ್ದವು. ಮೊಣಕಾಲು ಕುಣಿಯುತ್ತಿರಲಿಲ್ಲ, ಕತ್ತೂ ತಿರುಗಲಿಲ್ಲ. ಎಲ್ಲೂ ನಿಲ್ಲದ ನನ್ನ ಭಾವ ಕಲ್ಲಿನ ಹಾಗೆ ನಿಂತಿದ್ದರು.

ಅಕ್ಕ ಅವರ ಭುಜ ಹಿಡಿದು ಇಳಿದಳು. ಇಳಿದು ನೆರಿಗೆ ಸರಿ ಮಾಡಿಕೊಂಡಳು. ಸೆರಗು ಸರಿ ಮಾಡಿಕೊಂಡಳು. ಸರಿಯಾಗಿದ್ದ ಸೆರಗನ್ನು ಇನ್ನೊಮ್ಮೆ ಸರಿ ಮಾಡಿಕೊಂಡಳು. ಭುಜದ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

"ಇಳಿದಾಯ್ತಾ?" ಎಂದರು ಭಾವ, ಮುಂದೆಯೇ ನೋಡುತ್ತಾ.

ಎರಡೂ ಕಾಲು ನೆಲದ ಮೇಲಿದ್ದ ಅಕ್ಕ ಹೇಳಿದಳು, "ಇಲ್ಲ, ಸ್ವಲ್ಪ ಹಿಡಿದುಕೊಳ್ಳಿ."