ಡಾಕ್ಟರಿಗೆ ಹೇಳದೆ ಉಳಿಸಿಕೊಂಡ ಅರ್ಧ ರೋಗ

ಗಂಡಸರಿಗೆ ಐವತ್ತೈದು ದಾಟಿದ ಮೇಲೆ ಊರಿನ ಭೂಗೋಳವೇ ಬದಲಾಗುತ್ತದೆ. ಎಲ್ಲಿ ಮೋಟುಗೋಡೆಯಿದೆ, ಎಲ್ಲಿ ಜನ ಓಡಾಡುವುದಿಲ್ಲ ಎಂಬುದಷ್ಟೇ ತಲೆಯಲ್ಲಿ ಉಳಿಯುತ್ತದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಸವದತ್ತಿಯಿಂದ ರಾಮದುರ್ಗದ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಮಾಸ್ತರನಾದ ನನಗೆ ಆ ದಾರಿಯ ಜಾಲಿಗಿಡಗಳೆಲ್ಲ ಪರಿಚಯವಾಗಿದ್ದವು. ಡ್ರೈವರ್ ಮಹಬೂಬಸಾಬ ನನ್ನ ವಾರಿಗೆಯವನೇ. ನಾನು ಎದ್ದು ನಿಂತರೆ ಸಾಕು, ಏನೂ ಕೇಳದೆ ಬ್ರೇಕ್ ಹಾಕುತ್ತಿದ್ದ. ನಾನು ಇಳಿದು ಗಿಡದ ಬುಡಕ್ಕೆ ನಿಂತರೆ ಬಸ್ಸಿನ ಅರವತ್ತು ಮಂದಿ ನನ್ನ ಬೆನ್ನನ್ನೇ ನೋಡುತ್ತ ಕಾಯುತ್ತಿದ್ದರು. ಅಷ್ಟು ಜನ ಕಾಯುತ್ತಿದ್ದಾರೆಂದರೆ ಬರುವುದೂ ಬರುತ್ತಿರಲಿಲ್ಲ.

ಕಡೆಗೆ ನನ್ನ ಹೆಂಡತಿ ಸುಶೀಲಾ ಬೈದು ಬೈಲಹೊಂಗಲದ ಡಾಕ್ಟರರ ಬಳಿ ಕಳಿಸಿದಳು. ಅವರು ತಪಾಸಣೆ ಮಾಡಿ, ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿದೆ, ಹೆದರುವಂಥದ್ದೇನೂ ಇಲ್ಲ ಎಂದು ಎರಡು ಬಗೆಯ ಗುಳಿಗೆ ಬರೆದುಕೊಟ್ಟರು. ಕೆಲವೇ ವಾರಗಳಲ್ಲಿ ನನಗಾಗಿ ಬಸ್ಸು ನಿಲ್ಲುವುದು ನಿಂತಿತು. ಆದರೆ ಇನ್ನೆರಡು ತಿಂಗಳಲ್ಲಿ ಸಂಸಾರದ ಇನ್ನೊಂದು ವ್ಯವಹಾರವೂ ನಿಂತುಹೋಯಿತು. ಆಸೆಯೇ ಹುಟ್ಟದು, ಹುಟ್ಟಿದರೂ ಮೈ ಮಾತು ಕೇಳದು. ನನ್ನ ಆಟ ಮುಗಿಯಿತು ಎಂದುಕೊಂಡೆ. ಸಿಟ್ಟನ್ನೆಲ್ಲ ಸಾರಿನ ಉಪ್ಪಿನ ಮೇಲೆ, ಡಸ್ಟರಿನ ಮೇಲೆ ತೀರಿಸಿಕೊಂಡೆ. ಸುಶೀಲಾ ಹತ್ತಿರ ಬಂದು ಕೂತರೆ ಪೇಪರು ಅಡ್ಡ ಹಿಡಿಯುತ್ತಿದ್ದೆ.

ಒಂದು ದಿನ ಅವಳು ಕೇಳಿಯೇಬಿಟ್ಟಳು: "ನನ್ನ ಮ್ಯಾಲ ಸಿಟ್ಟೇನ್ರಿ? ಮಾರಿ ಸೈತ ನೋಡವಲ್ರಿ."

"ಏನಿಲ್ಲ, ಸಾಲಿ ಕೆಲಸ ಭಾಳ ಅದ" ಎಂದೆ. ಅವಳ ಮುಖ ಸಣ್ಣದಾಯಿತು.

ಮತ್ತೆ ಡಾಕ್ಟರರ ಬಳಿ ಹೋದಾಗ "ಬ್ಯಾರೆ ಏನರ ತ್ರಾಸ?" ಎಂದು ಕೇಳಿದರು. ಬಾಗಿಲಲ್ಲಿ ನರ್ಸಬಾಯಿ ನಿಂತಿದ್ದಳು. "ಮೊಣಕಾಲು ಸ್ವಲ್ಪ ನೋಯ್ತಾವ್ರಿ" ಎಂದು ಹೇಳಿ, ಚೆನ್ನಾಗಿದ್ದ ಮೊಣಕಾಲಿಗೆ ಮುಲಾಮು ಬರೆಸಿಕೊಂಡು ಬಂದೆ. ಆಮೇಲೆ ನಾನೇ ಡಾಕ್ಟರಾದೆ. ಯಾರಿಗೂ ಹೇಳದೆ ಗುಳಿಗೆ ಬಿಟ್ಟೆ.

ಗುಳಿಗೆ ಬಿಟ್ಟ ಕೆಲ ದಿನಕ್ಕೆ ಒಂದು ಬೆಳಿಗ್ಗೆ ಕಟಕೋಳದ ಹತ್ತಿರ ಬಸ್ಸಿಳಿದು ನಿಂತರೆ ಒಂದು ಹನಿಯೂ ಇಲ್ಲ. ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದಂತೆ ನೋವು. ಬೆವರು ಕಿತ್ತುಬಂತು. ಮಹಬೂಬಸಾಬ ನನ್ನ ಮುಖ ನೋಡಿದವನೇ, "ಹತ್ರಿ ಸರ. ಇನ್ನ ದವಾಖಾನಿ ಬರೂತನ ಗಾಡಿ ನಿಲ್ಲಂಗಿಲ್ಲ" ಎಂದು ಓಡಿಸತೊಡಗಿದ.

"ನನ್ನ ಸ್ಟಾಪ್ ಹೋತಲ್ಲೋ!" ಎಂದು ಒಬ್ಬ ಅಜ್ಜಿ ಚೀರಿದಳು.

"ಮಾಸ್ತರಗ ಉಚ್ಚಿ ಕಟ್ಟೇತಿ, ಸುಮ್ನ ಕುಂದರಬೇ ಯವ್ವಾ!" ಎಂದು ಅವನು ಅದಕ್ಕಿಂತ ಗಟ್ಟಿಯಾಗಿ ಕೂಗಿದ. ಹಿಂದಿನ ಸೀಟಿನಲ್ಲಿ ನಮ್ಮ ಹತ್ತನೇ ಇಯತ್ತೆಯ ಹುಡುಗಿಯರು ಸಾಲಾಗಿ ಕೂತಿದ್ದರು. ಮಾನ ಎಂಬುದು ಅಲ್ಲೇ ರಸ್ತೆಯಲ್ಲಿ ಇಳಿದುಹೋಯಿತು. ರಾಮದುರ್ಗದ ದವಾಖಾನೆಯಲ್ಲಿ ಮೂತ್ರ ಇಳಿಸಲು ನಳಿಗೆ ಹಾಕಿದಾಗ ಆದ ಸುಖಕ್ಕೆ ಮಾತ್ರ ಯಾವ ಮಾನವೂ ಸಮನಲ್ಲ.

ಮುಂದಿನ ವಾರ ಸುಶೀಲಾ ತಾನೇ ನನ್ನನ್ನು ಬೈಲಹೊಂಗಲಕ್ಕೆ ಕರೆದೊಯ್ದಳು. ಅವಳು ಮುಂದಿಟ್ಟ ಉಳಿದ ಗುಳಿಗೆಗಳನ್ನು ನೋಡಿ, ಯಾಕೆ ಬಿಟ್ಟಿರಿ ಎಂದು ಡಾಕ್ಟರರು ಕೇಳಿದರು. "ಮರತೆರಿ" ಎಂದೆ.

"ಸುಳ್ಳು" ಎಂದಳು ಸುಶೀಲಾ. "ಈ ಗುಳಿಗಿ ಸುರು ಆದಾಗಿಂದ ಇವರು ನನ್ನ ಸನೇಕ ಬರವಲ್ರು. ನಾನ ಏನೋ ತಪ್ಪು ಮಾಡೇನಿ ಅಂತ ಅಳಕೋತ ಕುಂತಿದ್ದೆ. ಗುಳಿಗಿ ಬಿಟ್ಟಿದ್ದು ಕಂಡಮ್ಯಾಲ ಸಂಶೆ ಬಂತು. ಇದು ಗುಳಿಗೀದ ಕರಾಮತ್ತೇನ್ರಿ?"

ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ. ಡಾಕ್ಟರರು ನಗಲಿಲ್ಲ. "ಹೌದ್ರಿ, ಒಂದೊಂದು ಗುಳಿಗಿಂದ ಕೆಲವರಿಗೆ ಹಂಗ ಆಗತೈತಿ. ಅದನ್ನಷ್ಟ ತಗದು ನೋಡೂಣು. ಆದ್ರ ಹೇಳದ ಬಿಡಬ್ಯಾಡ್ರಿ" ಎಂದು ಒಂದು ಗುಳಿಗೆ ತೆಗೆದು, ಇನ್ನೊಂದನ್ನು ಮುಂದುವರಿಸಿದರು. ನಾಲ್ಕು ತಿಂಗಳು ನುಂಗಿದ ಅವಮಾನಕ್ಕೆ ಎರಡು ನಿಮಿಷದ ಔಷಧಿ! ನನ್ನ ಮೇಲೆ ನನಗೇ ರೇಗಿತು. ನಿಧಾನವಾಗಿ ಎಲ್ಲ ಸರಿಹೋಯಿತು. ಪೇಪರು ಅಡ್ಡ ಹಿಡಿಯುವ ಪ್ರಸಂಗ ಮತ್ತೆ ಬರಲಿಲ್ಲ.

ಕೆಲ ತಿಂಗಳ ಮೇಲೆ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಮಹಬೂಬಸಾಬ ನನ್ನನ್ನು ಬದಿಗೆ ಕರೆದು, "ಸರ, ನನಗೂ ಅದ ಸುರು ಆಗೇತಿ. ಗುಳಿಗಿ ತೊಗೊಂಡ್ರ ಮನ್ಯಾಗ ಏನರ ಫರಕ್ ಬೀಳತೈತೇನ್ರಿ?" ಎಂದು ಪಿಸುಗುಟ್ಟಿದ. ನಾನು ಎದೆಯುಬ್ಬಿಸಿ, ಇದರಲ್ಲಿ ನಾಚಿಕೆ ಪಡಬಾರದು, ಎಲ್ಲವನ್ನೂ ಡಾಕ್ಟರರಿಗೆ ಬಿಚ್ಚಿ ಹೇಳಬೇಕು ಎಂದು ಭಾಷಣ ಬಿಗಿದೆ. ಅಷ್ಟರಲ್ಲಿ ಕಂಡಕ್ಟರ್ ಬಂದು, "ಏನ್ರಿ ಸರ, ಯಾವ ಗುಳಿಗಿ ಮಾತು?" ಎಂದ.

"ಮೊಣಕಾಲಿಂದಪಾ" ಎಂದೆ ನಾನು.