ಗೌಡರ ಪರವಾಗಿ ಬಸ್ಕಿ

ಹೆದರಿಕೆಯ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಕೆಲವರಿಗೆ ಹಾವಿನ ಭಯ, ಕೆಲವರಿಗೆ ಕತ್ತಲೆಯ ಭಯ, ಹೀಗೆ ಒಬ್ಬೊಬ್ಬರಿಗೆ ಒಂದೊಂದು. ನನಗೆ ಅಂಥ ಪಕ್ಷಪಾತವಿಲ್ಲ. ನಾಯಿ, ಹೋರಿ, ಸ್ಕೂಲ್ ಇನ್‌ಸ್ಪೆಕ್ಟರು, ತುಂಬಿದ ನಾಲೆ, ಸೈಕಲ್ಲು, ಮಾವನ ಮನೆಯ ಅಟ್ಟದ ಏಣಿ, ಎಲ್ಲಕ್ಕೂ ಸಮನಾಗಿ ಹೆದರುತ್ತೇನೆ. ಮದುವೆಯಾದ ಹೊಸದರಲ್ಲಿ ನಮ್ಮ ಅತ್ತೆ, "ಅಳಿಯಂದಿರೇ, ಅಟ್ಟದಿಂದ ಉಪ್ಪಿನಕಾಯಿ ಜಾಡಿ ಸ್ವಲ್ಪ ಇಳಿಸಿಕೊಡಿ" ಎಂದರು. ಹೊಸ ಅಳಿಯ, ಇಲ್ಲವೆನ್ನುವುದು ಹೇಗೆ? ಏಣಿಯ ಅರ್ಧದವರೆಗೆ ಹೋದೆ. ಅಲ್ಲಿಂದಾಚೆ ಹತ್ತಲೂ ಆಗದು, ಇಳಿಯಲೂ ಆಗದು. ಕಡೆಗೆ ನನ್ನ ಹೆಂಡತಿ ಕಮಲ ಬಂದು ಮೊದಲು ನನ್ನನ್ನೂ ಆಮೇಲೆ ಜಾಡಿಯನ್ನೂ ಇಳಿಸಿದಳು. ಇಂಥವನನ್ನು ಕರೆದು "ಡ್ರಿಲ್ ಮೇಷ್ಟ್ರಾಗ್ತೀರಾ?" ಎಂದು ಕೇಳಿದರೆ ಅವನ ಗತಿ ಏನಾಗಬೇಡ, ನೀವೇ ಹೇಳಿ.

ಎಪ್ಪತ್ತರ ದಶಕದ ಮಾತು. ನಮ್ಮ ಮನೆ ಮದ್ದೂರಿನಲ್ಲಿ. ಅಲ್ಲಿಂದ ಮಳವಳ್ಳಿ ಕಡೆಗೆ ಹೋಗುವ ಬಸ್ಸಿನಲ್ಲಿ ಜೋತಾಡಿಕೊಂಡು ಹೋದರೆ ಸಿಗುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಹಂಗಾಮಿ ಕನ್ನಡ ಮೇಷ್ಟ್ರು. ಹಂಗಾಮಿ ಎಂದರೆ ಬೇಸಗೆ ರಜೆಯ ಗಂಟೆ ಹೊಡೆದಾಗ ಮಕ್ಕಳು ಕುಣಿಯುತ್ತಾ ಮನೆಗೆ ಹೋಗುತ್ತಾರೆ, ಮೇಷ್ಟ್ರು ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಯೋಚಿಸುತ್ತಾ ಹೋಗುತ್ತಾನೆ. ಕಮಲ ಬಸುರಿ ಬೇರೆ. ಇಂಥ ಹೊತ್ತಿನಲ್ಲಿ ಹೆಡ್ ಮಾಸ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು: "ನೋಡಿ, ಮುಂದಿನ ವರ್ಷ ಕನ್ನಡಕ್ಕೆ ಬೇರೆಯವರು ಖಾಯಮ್ಮಾಗಿ ಬರ್ತಾರೆ. ನಿಮ್ಮ ಜಾಗ ಇರೋಲ್ಲ. ಖಾಲಿ ಇರೋದು ಡ್ರಿಲ್ ಮೇಷ್ಟ್ರ ಜಾಗ ಒಂದೇ. ಬೆಂಗಳೂರಲ್ಲಿ ಒಂದು ವರ್ಷದ ಕೋರ್ಸಿದೆ. ಸರ್ಟಿಫಿಕೇಟು ತಂದರೆ ನಮ್ಮ ಕಮಿಟಿಯವರು ನಿಮ್ಮನ್ನ ಖಾಯಂ ಮಾಡ್ತಾರೆ. ಕೋರ್ಸಿಗೆ ಸೇರೋಕೆ ಮುಂಚೆ ಮಂಡ್ಯದ ಮೈದಾನದಲ್ಲಿ ಸಣ್ಣದೊಂದು ಪರೀಕ್ಷೆ. ಓಟ, ಮರದ ಕುದುರೆ ಹಾರೋದು, ಹಗ್ಗ ಹತ್ತೋದು, ಅಷ್ಟೆ. ಸಂಕ್ರಾಂತಿಯೊಳಗೆ ಯೋಚನೆ ಮಾಡಿ ಹೇಳಿ."

ಅವರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಹಗ್ಗ ಒಂದೇ. ಆ ಹಗ್ಗ ಅವತ್ತೇ ನನ್ನ ಜೊತೆ ಬಸ್ಸು ಹತ್ತಿ ಮನೆಗೆ ಬಂತು. ಊಟಕ್ಕೆ ಕೂತರೆ ಹಗ್ಗ, ಸ್ನಾನಕ್ಕೆ ನಿಂತರೆ ಹಗ್ಗ. ಬಾವಿಯಲ್ಲಿ ನೀರು ಸೇದುವಾಗ ಕೈಯಲ್ಲಿದ್ದ ಹಗ್ಗ ನೋಡಿ ಮೈ ಜುಮ್ಮೆಂದಿತು. ಚಿಕ್ಕಂದಿನಲ್ಲಿ ನಮ್ಮ ಬೀದಿಯ ಕೊನೆಯಲ್ಲೊಂದು ಗರಡಿಮನೆ ಇತ್ತು. ಅದರ ಕಿಂಡಿಯಲ್ಲಿ ಇಣುಕಿ, ಕೆಮ್ಮಣ್ಣು ಮೆತ್ತಿಕೊಂಡ ಪೈಲ್ವಾನರು ಒಬ್ಬರನ್ನೊಬ್ಬರು ಎತ್ತಿ ಒಗೆಯುವುದನ್ನು ಕಂಡು ನಾನು ಜ್ವರ ಬಂದು ಮಲಗಿದ್ದೆನಂತೆ. ನೋಡಿದ್ದಕ್ಕೇ ಜ್ವರ ಬಂದವನು ಮಾಡಿದರೆ ಉಳಿಯುತ್ತಾನೆಯೇ? ಇದನ್ನೆಲ್ಲ ಕಮಲೆಗೆ ವಿವರವಾಗಿ ಹೇಳಿದೆ. ಅವಳು ಹುರುಳಿಕಾಯಿ ಸೋಸುತ್ತಾ, "ಹಗ್ಗ ಹತ್ತಿದರೆ ಏನಾಗುತ್ತೆ?" ಎಂದಳು. "ಬೀಳ್ತೀನಿ" ಎಂದೆ. "ಹತ್ತದೆ ಇದ್ದರೆ?" ಎಂದು ಕೇಳಿ ಉತ್ತರವನ್ನೂ ತಾನೇ ಕೊಟ್ಟಳು. "ಮೂರು ಜನಾನೂ ಬೀಳ್ತೀವಿ. ಒಬ್ಬರೇ ಬಿದ್ದರೆ ವಾಸಿ" ಎಂದು ಅವಳು ಕಾಯಿ ಎತ್ತಿಕೊಂಡು ಒಳಗೆ ಹೋದಳು. ಹೆಂಗಸರಿಗೆ ಲೆಕ್ಕ ಬರುವುದಿಲ್ಲವೆಂದು ಯಾರು ಹೇಳಿದರೋ ಕಾಣೆ.

ಅಷ್ಟರಲ್ಲಿ ಇನ್ನೊಂದು ತೊಡಕು ವಕ್ಕರಿಸಿತು. ನಮ್ಮ ಸ್ಕೂಲ್ ಕಮಿಟಿಯ ಅಧ್ಯಕ್ಷರು ಆ ಊರಿನ ಗೌಡರು. ಭಾರಿ ಆಳು. ಕಬ್ಬಿನ ಗದ್ದೆ, ಸ್ವಂತ ಆಲೆಮನೆ, ಬಾಗಿಲು ತುಂಬುವ ಮೈ. ಅವರಿಗೆ ಸಕ್ಕರೆ ಕಾಯಿಲೆಯೆಂದು ಮಂಡ್ಯದ ಡಾಕ್ಟರು ಹೇಳಿದ್ದರು. ಗೌಡರು ಒಪ್ಪಿರಲಿಲ್ಲ. "ಸಕ್ಕರೆ ನಮ್ ಬೆಳೆ ಕಣ್ರೀ. ಬೆಳೆ ಎಂಗ್ರೀ ಕಾಯ್ಲೆ ಆಯ್ತದೆ?" ಎಂದು ಡಾಕ್ಟರನ್ನೇ ಕೇಳಿದ್ದರಂತೆ. ದಿನಾ ಬೆಳಗ್ಗೆ ವ್ಯಾಯಾಮ ಆಗಲೇಬೇಕು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದಾಗ ಹೆಡ್ ಮಾಸ್ಟರು ನನ್ನ ಹೆಸರು ಹೇಳಿಬಿಟ್ಟರು. ನನಗೆ ಮಾತ್ರ ಗುಟ್ಟಾಗಿ, "ಇದು ನಿಮಗೂ ಒಂದು ಪರೀಕ್ಷೆ. ಒಬ್ಬರ ಕೈಲಿ ಮಾಡಿಸಿದರೆ ಊರಿನ ಕೈಲಿ ಮಾಡಿಸಬಹುದು. ಆಗಲಿಲ್ಲವೋ, ಈ ಕೋರ್ಸಿನ ಯೋಚನೆ ಬಿಟ್ಟುಬಿಡಿ" ಎಂದರು. ನನಗೆ ಹೆದರಿಕೆಯ ಪಟ್ಟಿಯಲ್ಲಿ ಹಗ್ಗದ ಪಕ್ಕಕ್ಕೆ ಗೌಡರೂ ಬಂದು ಕೂತಂತಾಯಿತು.

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೇ ಹೋದೆ. ಗೌಡರು ಜಗಲಿಯ ಮೇಲೆ ಮರದ ಕೈಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ನಾನು ಅಂಗಳದಲ್ಲಿ ನಿಂತು ಪಂಚೆ ಎತ್ತಿ ಕಟ್ಟಿ, "ಗೌಡರೇ, ಮೊದಲು ಎರಡೂ ಕೈಯನ್ನ ಹೀಗೆ ಮೇಲಕ್ಕೆ..." ಎಂದೆ. "ಎತ್ತಿ ಎತ್ತಿ, ನೋಡ್ತಾ ಇವ್ನಿ" ಎಂದರು. ಎತ್ತಿದೆ. "ಆಮೇಲೆ ಹೀಗೆ ಬಗ್ಗಬೇಕು." "ಬಗ್ಗಿ." ಬಗ್ಗಿದೆ. ಬಸ್ಕಿ ಹೊಡೆದು ತೋರಿಸಿದೆ. ಮೊಣಕಾಲು ಲಟಲಟ ಎಂದಿತು. ಗೌಡರು ಕಾಫಿ ಮುಗಿಸಿ, ಎಲೆಗೆ ಸುಣ್ಣ ಹಚ್ಚುತ್ತಾ, "ಸಂದಾಕದೆ. ಇನ್ನೊಸಿ ಮಾಡಿ" ಎಂದರು. ಏದುಸಿರು ಬಿಡುತ್ತಾ ನಾನು ಬಹಳ ಮೆತ್ತಗೆ, "ಈಗ ತಾವು..." ಎಂದೆ. ಗೌಡರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ನಾನ್ಯಾಕ್ರೀ ಮೇಷ್ಟ್ರೇ? ನಿಮ್ಮಪ್ಪಾರು ಮಾಡ್ತಿರ್ಲಿಲ್ವಾ?"

ನಮ್ಮಪ್ಪ ಪುರೋಹಿತರು. ಗೌಡರ ಆರೋಗ್ಯಕ್ಕಾಗಿ ಭಾನುವಾರ ಭಾನುವಾರ ಅವರೇ ಅದೇ ಅಂಗಳದಲ್ಲಿ ಮಂತ್ರ ಹೇಳುತ್ತಾ ಸೂರ್ಯನಮಸ್ಕಾರ ಹಾಕುತ್ತಿದ್ದರು. ಸಂಕಲ್ಪದಲ್ಲಿ ಹೆಸರು, ನಕ್ಷತ್ರ, ರಾಶಿ ಗೌಡರದು. ಬಗ್ಗುವ ಬೆನ್ನು ನಮ್ಮಪ್ಪನದು. ಆರೋಗ್ಯ ಮತ್ತೆ ಗೌಡರದು. ಹಾಗೆ ಸಂದ ಅಕ್ಕಿ ಕಾಯಿಗಳಲ್ಲೇ ನಾನು ಬೆಳೆದು, ಓದಿ, ಮೇಷ್ಟ್ರಾದದ್ದು. ಒಬ್ಬರ ಪರವಾಗಿ ಇನ್ನೊಬ್ಬರು ಬಗ್ಗಿದರೆ ಫಲವಿಲ್ಲ ಎಂದು ಈಗ ಯಾವ ಬಾಯಲ್ಲಿ ಹೇಳಲಿ? ನಮಸ್ಕಾರ ಬೇರೆ, ವ್ಯಾಯಾಮ ಬೇರೆ ಎಂದು ಗೊಣಗಿದೆ. "ಎಲ್ಡೂ ಬಗ್ಗಾದೇ ಅಲ್ವರಾ? ಡಾಕುಟ್ರು ಮಾಡುಸ್ಬೇಕು ಅಂದ್ರು, ಮಾಡುಸ್ತಾ ಇವ್ನಿ" ಎಂದು ಗೌಡರು ಎಲೆ ಬಾಯಿಗಿಟ್ಟುಕೊಂಡರು. ಒಳಗಿನಿಂದ ಅವರ ತಾಯಿ, ಊರಿಗೆಲ್ಲ ದೊಡ್ಡವ್ವ, ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ಬಾಳೆಹಣ್ಣು, ಎಲೆ ಅಡಿಕೆ ಇಟ್ಟುಕೊಂಡು ಬಂದರು. "ಸ್ವಾಮಿ, ನಾಳಿಂದ ನನ್ ಮಗನ್ ಎಸ್ರು ನಕ್ಷತ್ರ ಯೋಳ್ಬುಟ್ಟು ಸುರು ಮಾಡಿ. ಇಲ್ದಿದ್ರೆ ಫಲ ಎಲ್ಲಾ ನಿಮ್ಗೇ ಒಂಟೋಯ್ತದೆ" ಎಂದರು.

ನಾನು ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಗೌಡರಿಗೆ ಸಿಟ್ಟು ಬರುತ್ತದೆ, ಗೌಡರಿಗೆ ಸಿಟ್ಟು ಬಂದರೆ ಕೆಲಸ ಹೋಗುತ್ತದೆ. ಹೀಗಾಗಿ ಅಂದಿನಿಂದ ದಿನಾ ಬೆಳಗ್ಗೆ ಗೌಡರ ನಕ್ಷತ್ರ ಹೇಳಿ ಬಸ್ಕಿ ಹೊಡೆದೆ. ಗೌಡರು ಕುರ್ಚಿಯಲ್ಲಿ ಕೂತು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು, ಒಂದು ದಿನವೂ ತಪ್ಪಿಸಲಿಲ್ಲ. ನಾನು ಸುಸ್ತಾದಾಗ ಆಲೆಮನೆಯಿಂದ ಕಬ್ಬಿನ ಹಾಲು ತರಿಸಿ ನನಗೊಂದು ಲೋಟ, ಜೊತೆಗೆ ತಮಗೊಂದು ಚೊಂಬು. ಇದರ ನಡುವೆ ನನಗೆ ಹಸಿವು ಹೆಚ್ಚಿತು, ತೋಳು ಗಟ್ಟಿಯಾಯಿತು, ಕಮಲ ನನ್ನ ಅಂಗಿಯ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟಳು. ದೊಡ್ಡವ್ವ ಹೆದರಿದ್ದೇ ಆಗಿತ್ತು. ಫಲವೆಲ್ಲ ನನಗೇ ಹೊರಟುಬಂದಿತ್ತು.

ಕಾರ್ತಿಕ ಮಾಸದ ಹೊತ್ತಿಗೆ ಗೌಡರ ಕಾಲಿನ ಹೆಬ್ಬೆರಳಿಗೊಂದು ಗಾಯವಾಯಿತು. ಕಟಾವಾದ ಗದ್ದೆಯಲ್ಲಿ ಕಬ್ಬಿನ ಕೂಳೆ ತಗುಲಿದ್ದು, ಸಣ್ಣದೇ. ಆದರೆ ಮಾಯಲಿಲ್ಲ. ಮಂಡ್ಯದ ಡಾಕ್ಟರು ನೋಡಿ, ವ್ಯಾಯಾಮ ಮಾಡಿಸುವ ಮೇಷ್ಟ್ರನ್ನು ತಕ್ಷಣ ಕಳಿಸಿ ಎಂದು ಹೇಳಿಕಳಿಸಿದರು. ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ಸ್ವಲ್ಪ ನಕ್ಕೆ. ಆಮೇಲೆ ಅವರು ನಗು ನಿಲ್ಲಿಸಿದರು. "ಮೇಷ್ಟ್ರೇ, ಇವತ್ತು ಬೆರಳು, ನಾಳೆ ಕಾಲು. ಗಾಯಕ್ಕೆ ನಾನು ಔಷಧಿ ಕೊಡ್ತೀನಿ, ಅದು ಒಣಗೋವರೆಗೂ ಕೂತಲ್ಲೇ ಕೈ ಬೀಸಲಿ. ಒಣಗಿದ ಮೇಲೆ ಅವರು ನಡೀಲೇಬೇಕು, ಬಾಯಿ ಕಟ್ಟಲೇಬೇಕು. ಅವರ ಮನೆಯಲ್ಲಿ ಅವರಿಗೆ ಎದುರು ಮಾತಾಡೋರು ಯಾರೂ ಇಲ್ಲ. ನೀವು ಹೇಳ್ತೀರೋ, ಕಾಲು ಕತ್ತರಿಸಿದ ಮೇಲೆ ನಾನು ಹೇಳಲೋ?"

ಅವತ್ತು ಮಂಡ್ಯದಿಂದ ಮದ್ದೂರಿಗೆ ಬರುವ ರೈಲಿನಲ್ಲಿ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಕಾಲು ಹೋಗುತ್ತದೆ. ಕಾಲು ಹೋದ ಮೇಲೆ ಕೆಲಸವಂತೂ ಉಳಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳುತ್ತೇನೆ, ಆ ಮನುಷ್ಯನ ಮೇಲೆ ನನಗೆ ಮಮತೆ ಹುಟ್ಟಿಬಿಟ್ಟಿತ್ತು. ದಿನಾ ಬೆಳಗ್ಗೆ ಒಬ್ಬರ ಹೆಸರು ಹೇಳಿ ಬಗ್ಗಿದರೆ ಹಾಗಾಗುತ್ತದೋ ಏನೋ. ಕಡೆಗೆ ಹೇಡಿಗಳ ಹಳೆಯ ಹಾದಿಯನ್ನೇ ಹಿಡಿದೆ. ಗಾಯ ಒಣಗಲಿ, ಅಷ್ಟರಲ್ಲಿ ಯಾರಾದರೂ ಹೇಳಿಯಾರು, ಇಲ್ಲವಾದರೆ ಕೈಮುಗಿದು ನನ್ನಿಂದಾಗದು ಎಂದು ಬಿಟ್ಟುಬರೋಣ ಎಂದುಕೊಂಡೆ. ಯಾರೂ ಹೇಳಲಿಲ್ಲ. ಡಾಕ್ಟರ ಔಷಧಿಯಿಂದ ಗಾಯವೇನೋ ಒಣಗಿತು. ಗೌಡರು ಮಾತ್ರ ಕುರ್ಚಿ ಬಿಡಲಿಲ್ಲ, ಚೊಂಬನ್ನೂ ಬಿಡಲಿಲ್ಲ.

ಸಂಕ್ರಾಂತಿ ಹತ್ತಿರ ಬಂತು. ಇವತ್ತು ಬಿಟ್ಟುಬರುವುದೇ ಸರಿ ಎಂದು ನಿರ್ಧರಿಸಿ ಗೌಡರ ಅಂಗಳಕ್ಕೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡವ್ವ ಬಾಗಿಲಲ್ಲಿ ನಿಂತು ಶುರುಮಾಡಿದರು. "ಏನ್ ಸ್ವಾಮಿ, ಇಷ್ಟ್ ದಿನದಿಂದ ಮಾಡ್ತಾ ಇದೀರಿ, ಒಂದ್ ಚೂರಾದ್ರೂ ಸಕ್ಕರೆ ಇಳದದಾ? ನಿಮ್ಮಪ್ಪ ಮಾಡ್ತಿದ್ದಾಗ ನನ್ ಮಗುಂಗೆ ನೆಗಡಿನೂ ಬತ್ತಿರ್ಲಿಲ್ಲ. ನೀವು ಬಗ್ಗಾದ್ರಲ್ಲಿ ಕದೀತಾ ಇದೀರಿ, ಸತ್ಯ ಯೋಳಿ."

ಕದಿಯುತ್ತಿದ್ದೇನಂತೆ! ಒಂದು ಬಸ್ಕಿ ಬಿಡದೆ, ಬೆವರು ಸುರಿಸಿ, ಮೊಣಕಾಲು ಸವೆಸಿ ಮಾಡಿದವನಿಗೆ ಈ ಮಾತು! ಜಗಲಿಯ ಮೇಲೆ ಗೌಡರು ಚೊಂಬು ಎತ್ತಿ ಬಾಯಿಗೆ ಸುರಿದುಕೊಳ್ಳುತ್ತಿದ್ದರು. ಅವರ ಕಾಲ ಬೆರಳಿನ ಕಪ್ಪು ಕಲೆ ಕಣ್ಣಿಗೆ ಬಿತ್ತು. ನನಗೆ ಸಿಟ್ಟು ಬಂತೋ, ಭಯ ಬಂತೋ, ಎರಡೂ ಒಟ್ಟಿಗೆ ಬಂದವೋ ಗೊತ್ತಿಲ್ಲ. "ಇಡ್ರೀ ಚೊಂಬು ಕೆಳಗೆ! ಏಳಿ ಮೇಲೆ!" ಎಂದು ಯಾರೋ ಕೂಗಿದರು. ಹಟ್ಟಿಯಲ್ಲಿದ್ದ ಎತ್ತುಗಳು ಎದ್ದು ನಿಂತವು. ಕೂಗಿದ್ದು ನಾನು ಎಂದು ತಿಳಿದಾಗ ನನ್ನ ಎದೆ ನಿಂತೇ ಹೋಯಿತು.

ಗೌಡರು ಚೊಂಬು ಕೆಳಗಿಟ್ಟರು. ಎದ್ದರು. ಅವರು ಎದ್ದು ನಿಂತದ್ದನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲೇ ಇಲ್ಲ. ಎತ್ತರಕ್ಕೆ ಕೊನೆಯೇ ಇರಲಿಲ್ಲ. ಓಡೋಣವೆಂದರೆ ಕಾಲು ಬರಲಿಲ್ಲ. ಬಾಯಿ ಮಾತ್ರ ಇನ್ನೂ ನನ್ನ ಮಾತು ಕೇಳುತ್ತಿರಲಿಲ್ಲ. "ಚಪ್ಪಲಿ ಹಾಕ್ಕೊಳ್ಳಿ. ನಡೀರಿ ನಾಲೆವರೆಗೆ" ಎಂದಿತು. ಗೌಡರು ಚಪ್ಪಲಿ ಮೆಟ್ಟಿ ನಡೆದರು. ಹಿಂದೆ ನಾನು. ಕಬ್ಬಿನ ಗದ್ದೆಗಳಲ್ಲಿದ್ದ ಜನ ಕೆಲಸ ನಿಲ್ಲಿಸಿ ನೋಡಿದರು. ನಾಲೆಯ ಏರಿ ಬಂದಾಗ, ಎತ್ತಿ ನೀರಿಗೆ ಹಾಕುವುದಕ್ಕೆ ಇದೇ ಸರಿಯಾದ ಜಾಗ ಎಂದು ನನಗೂ ಅನ್ನಿಸಿತು. ಕಮಲೆಯ ಮುಖ ಕಣ್ಣ ಮುಂದೆ ಬಂತು. ಗೌಡರು ನೀರು ನೋಡಿದರು, ನನ್ನನ್ನು ನೋಡಿದರು, ತಿರುಗಿ ಮನೆಯ ಕಡೆ ನಡೆದರು.

ಜಗಲಿ ಹತ್ತಿದವರೇ, "ಮೇಷ್ಟ್ರೇ, ನಾಳಿಂದ ಬರ್ಬ್ಯಾಡಿ" ಎಂದರು. ಅಲ್ಲಿಗೆ ಮುಗಿಯಿತು. ಕೆಲಸ ಹೋಯಿತು ಎಂದು ಕಣ್ಣಿಗೆ ಕತ್ತಲೆ ಕಟ್ಟಿತು. ಆ ಕತ್ತಲೆಯಲ್ಲೇ, ಹಾಗಾದರೆ ಹಗ್ಗವೂ ಹೋಯಿತಲ್ಲವೇ ಎಂಬ ಒಂದು ಸಣ್ಣ ಸಂತೋಷವೂ ಸುಳಿಯಿತು. ಗೌಡರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದರು: "ನಾನೇ ನಡೀತೀನಿ. ನಮ್ಮಪ್ಪ ಸತ್ ಮ್ಯಾಲೆ ನನ್ನ ಏಳು ಅಂದೋರು ನೀವೊಬ್ರೇ ಕಣ್ರೀ. ಓಗಿ ಆ ಸರ್ಟಿಪಿಕೇಟ್ ತಕಬನ್ನಿ. ನನ್ನೇ ಎಬ್ಬುಸ್ದೋರು ನಮ್ಮೂರ್ ಐಕ್ಳ ಎಬ್ಬುಸ್ದೆ ಬುಟ್ಟೀರಾ?" ದೊಡ್ಡವ್ವ ಒಳಗಿನಿಂದ ಮತ್ತೆ ತಟ್ಟೆ ತಂದರು. ಈ ಸಲ ಅದರಲ್ಲಿ ಒಂದು ಪಂಚೆಯೂ ಇತ್ತು.

ಹೀಗೆ ತಪ್ಪಿಸಿಕೊಳ್ಳಲು ಹೋದವನು ನೆಟ್ಟಗೆ ಬಲೆಗೇ ಬಿದ್ದೆ. ನಾನು ಸ್ಕೂಲಿಗೆ ಹೋಗುವಷ್ಟರಲ್ಲಿ ಸುದ್ದಿ ಅಲ್ಲಿಗೆ ಮುಟ್ಟಿತ್ತು. ಹೆಡ್ ಮಾಸ್ಟರು ಕೈಕುಲುಕಿ, "ನಿಮ್ಮೊಳಗೆ ಇಂಥ ಗಂಡೆದೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದರು. ನನಗೂ ಗೊತ್ತಿರಲಿಲ್ಲ. ನಾನು ಕೋರ್ಸಿಗೆ ಹೋಗುತ್ತೇನೆ ಎಂದು ಅವರೇ ಹೇಳಿದರು, ಅವರೇ ಸಂತೋಷಪಟ್ಟರು, ಮಂಡ್ಯಕ್ಕೂ ಅವರೇ ಬರೆದರು. ನಾನು ನಮಸ್ಕಾರ ಹೇಳಿ ಬಾಗಿಲ ತನಕ ಹೋದವನು ತಡೆಯಲಾರದೆ ತಿರುಗಿ ಬಂದೆ.

"ಸಾರ್, ಒಂದು ಸಣ್ಣ ವಿಷಯ. ಆ ಹಗ್ಗ... ಅದನ್ನ ನಾನೇ ಹತ್ತಬೇಕಾ? ಅಥವಾ ನನ್ನ ಹೆಸರು ನಕ್ಷತ್ರ ಹೇಳಿ ಬೇರೆ ಯಾರಾದರೂ..."

ಹೆಡ್ ಮಾಸ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬೆತ್ತಕ್ಕೆ ಕೈ ಹಾಕಿ, ನಿಧಾನವಾಗಿ ಕುರ್ಚಿಯಿಂದ ಎದ್ದರು. ಓಟದ ಪರೀಕ್ಷೆಯಲ್ಲಿ ಮಾತ್ರ ನಾನು ಪಾಸಾಗುವುದು ಖಂಡಿತ ಎಂದು ಅವರಿಗೆ ಅವತ್ತೇ ಗೊತ್ತಾಯಿತಂತೆ.