ಉಸುಕಿಗೆ ಅನುದಾನ ಬರೋದಿಲ್ಲ

ನಾನು ಸರಕಾರಿ ಪ್ರೌಢಶಾಲೆಯ ಪಿ.ಟಿ. ಟೀಚರ್. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ನಾಲ್ಕೂ ತಾಲ್ಲೂಕಿನ ನೀರು ಕುಡಿದಾಗಿದೆ. ಕೂತಲ್ಲಿ ಕೂಡುವ ಸ್ವಭಾವ ಮೊದಲೇ ಇಲ್ಲ. ಅದರ ಮೇಲೆ ಬೆಂಗಳೂರಿನಿಂದ ಒಂದು ಕಾಯ್ದೆಯೋ ಸುತ್ತೋಲೆಯೋ ಅನುದಾನವೋ ಹೊರಟಿತೆಂದರೆ, ನಮ್ಮ ಮೈದಾನ ಮುಟ್ಟುವಷ್ಟರಲ್ಲಿ ಅದು ಏನಾಗಿರುತ್ತದೋ ಎಂಬ ತಳಮಳ ಬೇರೆ. ಪ್ರತಿ ವರ್ಷ ಏನಾದರೊಂದು ಆಗೇ ಆಗುತ್ತದೆ.

ಈಟಿಗೆ ಟಿಕೆಟ್

ಇಂಡಿ ಕಡೆ ಇದ್ದಾಗಿನ ಮಾತು. ಕ್ರೀಡಾಕೂಟಕ್ಕೆ ಮಕ್ಕಳನ್ನು ಟಂಟಂ ಆಟೋದಲ್ಲಿ ತುಂಬಿಕೊಂಡು ಹೋಗಬಾರದು, ಸರಕಾರಿ ಬಸ್ಸಿನಲ್ಲೇ ಕರೆದೊಯ್ಯಬೇಕು ಅಂತ ಸುತ್ತೋಲೆ ಬಂತು. ಒಳ್ಳೆಯದೇ. ಹುಡುಗಿಯರನ್ನು, ಜೊತೆಗೆ ಒಂದು ಈಟಿಯನ್ನು ಕರೆದುಕೊಂಡು ಬಸ್ ಹತ್ತಿದೆ. ಸಂತೆಯ ದಿನ, ಕಾಲಿಡಲು ಜಾಗವಿಲ್ಲ. ಆದರೆ ಈಟಿಯ ಮೊನೆ ಕಂಡ ಕೂಡಲೇ ಜನ ತಾವಾಗಿಯೇ ಸರಿದು ದಾರಿ ಬಿಟ್ಟರು.

ಕಂಡಕ್ಟರ್ ಬಂದು ಈಟಿಯನ್ನು ಮೇಲಿಂದ ಕೆಳಗೆ ನೋಡಿದ. "ಇದಕ್ಕ ಲಗೇಜ್ ಟಿಕೆಟ್ ತಗೋಬೇಕ್ರಿ."

"ಹೆಣ್ಮಕ್ಕಳಿಗಿ ಫ್ರೀ ಐತಲ್ರಿ. ಇದು ಹೆಣ್ಮಕ್ಕಳು ಎಸಿಯೋ ಈಟಿ," ಅಂದೆ.

ಆತ ನಗಲಿಲ್ಲ. "ಆತ್ರಿ ಅಕ್ಕೋರ. ಹಂಗಾದ್ರ ಇದರ ಆಧಾರ್ ಕಾರ್ಡ್ ತೋರಸ್ರಿ."

ಶಾಶ್ವತ ತಗ್ಗು

ಸಿಂದಗಿ ತಾಲ್ಲೂಕಿನ ಶಾಲೆಗೆ ಲಾಂಗ್ ಜಂಪ್ ತಗ್ಗಿಗೆ ಅಂತ ಅನುದಾನ ಬಂತು. ಮಂಜೂರಾದ ಸುದ್ದಿ ಕೇಳಿದಾಗಿನಿಂದ ನನಗೆ ನಿದ್ದೆ ಹತ್ತಿರಲಿಲ್ಲ. ಒಂದು ವಾರ ರಜೆ ಹಾಕಿ ಬಂದು ನೋಡಿದರೆ, ತಗ್ಗಿನ ಜಾಗದಲ್ಲಿ ಕನ್ನಡಿಯಂಥ ಕಾಂಕ್ರೀಟ್.

ಎಂಜಿನಿಯರ್ ಸಾಹೇಬರನ್ನು ಹುಡುಕಿಕೊಂಡು ಹೋದೆ. "ಸರ್, ಅಲ್ಲಿ ಉಸುಕು ಹಾಕಬೇಕಿತ್ರಿ."

"ಉಸುಕು ಗಾಳಿಗಿ ಹಾರಿ ಹೊಕ್ಕೈತಿ ಮೇಡಂ. ಈ ಅನುದಾನದಾಗ ಶಾಶ್ವತ ಆಸ್ತಿ ಅಷ್ಟ ಮಾಡಬೇಕು ಅಂತ ನಿಯಮ ಐತಿ."

"ಹುಡುಗ್ಯಾರು ಅದರ ಮ್ಯಾಲ ಬೀಳ್ತಾರಲ್ರಿ."

"ಬೀಳದಂಗ ಜಿಗಿಯೋದು ಕಲಸ್ರಿ."

ಇನ್ನು ಇವರ ಜೊತೆ ಮಾತು ಬೇಡ ಅಂತ ಹುಡುಗಿಯರೂ ನಾನೂ ಸೇರಿ ಕಾಂಕ್ರೀಟಿನ ಪಕ್ಕದಲ್ಲೇ ಇನ್ನೊಂದು ತಗ್ಗು ತೋಡಿದೆವು. ಹಳ್ಳದಿಂದ ಉಸುಕು ಹೊತ್ತು ತಂದು ತುಂಬಬೇಕು ಅನ್ನುವಷ್ಟರಲ್ಲಿ ಎಂಜಿನಿಯರ್ ತಪಾಸಣೆಗೆ ಬಂದರು. ತಗ್ಗಿನ ದಂಡೆಯ ಮೇಲೆ ನಿಂತು, "ಇದ್ಯಾರ್ರಿ ಇಲ್ಲಿ ತಗ್ಗು ತೋಡಿದವ್ರು? ಯಾವುದಾರ ಹುಡುಗಿ ಜಿಗದು ಬಿದ್ದೀತು, ಮುಚ್ಚಸ್ರಿ," ಅಂದರು.

ಬರಲಿರುವ ಕಾನೂನು

ಬಸವನ ಬಾಗೇವಾಡಿ ಕಡೆ ಇದ್ದಾಗ ದೇವರ ಹಿಪ್ಪರಗಿ ಕಡೆಯ ಒಂದು ಶಾಲೆಗೆ ಪಂದ್ಯದ ಹಿಂದಿನ ದಿನವೇ ತಂಡ ಕರೆದುಕೊಂಡು ಹೋಗಿದ್ದೆ. ಅವತ್ತೇ ಅಲ್ಲಿಗೆ ಆ ಭಾಗದ ಶಾಸಕರು ಬಂದಿದ್ದರು. ಮರುದಿನ ಅದೇ ಮೈದಾನದಲ್ಲಿ ನಮ್ಮ ಖೋ ಖೋ ಪಂದ್ಯ. ಅವತ್ತು ನೋಡಿದರೆ ಅಲ್ಲಿ ಪೆಂಡಾಲು, ಕುರ್ಚಿ, ಸುಣ್ಣದ ಗೆರೆಯ ಮೇಲೆ ಸಾಲಾಗಿ ಕಾರು. ನಾನು ಕುರ್ಚಿಯ ತುದಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ.

ಶಾಸಕರು ಉತ್ಸಾಹದಿಂದ ಹೇಳುತ್ತಿದ್ದರು: "ಸಾಲಿ ಮೈದಾನದಾಗ ಆಟ ಬಿಟ್ಟು ಬ್ಯಾರೆ ಏನೂ ಮಾಡಬಾರದು ಅಂತ ಕಾನೂನು ಬರಬೇಕು. ಅದಕ್ಕ ನಾ ಸದನದಾಗ ಒತ್ತಾಯ ಮಾಡಾಕತ್ತೇನಿ. ಏನರ ಕೇಳೋದಿದ್ರ ಕೇಳ್ರಿ ಮಕ್ಕಳಾ."

ನಮ್ಮ ತಂಡದ ನಾಯಕಿ ಎದ್ದು ನಿಂತಳು. "ಸಾಹೇಬ್ರ, ಕಾನೂನು ನಾಳೆ ಮುಂಜಾನೆ ಒಳಗ ಬರ್ತದೇನ್ರಿ?"

"ಅಷ್ಟು ಲಗೂನ ಬರಂಗಿಲ್ಲವ್ವ. ಯಾಕ?"

"ಪೆಂಡಾಲ್ ಬಿಚ್ಚಬೇಕಾಗಿತ್ರಿ."

ಕಂಬ

ಈಗ ಇರುವುದು ಮುದ್ದೇಬಿಹಾಳ ತಾಲ್ಲೂಕಿನಲ್ಲಿ. ಇಲ್ಲಿ ಮೈದಾನಕ್ಕೆ ದೊಡ್ಡ ದೀಪದ ಕಂಬ ಮಂಜೂರಾಗಿ, ಸರಿಯಾಗಿ ಕಬಡ್ಡಿ ಅಂಕಣದ ಒಳಗೆ, ಬದಿಯ ಗೆರೆಗೆ ಒತ್ತಿಕೊಂಡು ನಿಂತಿತು. ಅಂಕಣ ಸರಿಸೋಣವೆಂದರೆ ಒಂದು ಕಡೆ ಕಾಂಪೌಂಡು, ಇನ್ನೊಂದು ಕಡೆ ನೀರಿನ ಟಾಕಿ. ಕಂಬ ಸರಿಸಲು ಬೇರೆ ಮಂಜೂರಾತಿ ಬೇಕಂತೆ. ಕಾಯ್ದು ಕಾಯ್ದು ನನಗೆ ಚಡಪಡಿಕೆ ಹೆಚ್ಚಾಯಿತು, ಹುಡುಗಿಯರಿಗೆ ಆಟ ಹೆಚ್ಚಾಯಿತು. ರೈಡಿಗೆ ಹೋದವಳು ಒಂದು ಕೈಯಲ್ಲಿ ಕಂಬ ಹಿಡಿದು ಗರ್ರನೆ ತಿರುಗಿ, ಕಾಲು ಚಾಚಿ ಎದುರಾಳಿಗಳನ್ನು ಮುಟ್ಟಿ ಬರುತ್ತಿದ್ದಳು. ತಾಲ್ಲೂಕು ಪಂದ್ಯ ನಮ್ಮಲ್ಲೇ ನಡೆದಾಗ ಎದುರಾಳಿ ತಂಡ ತಕರಾರು ತೆಗೆಯಿತು. ಅಂಪೈರ್ ನನ್ನನ್ನು ಕೇಳಿದರು, "ಈ ಕಂಬ ಯಾರ ಕಡಿಂದು?"

"ಸರಕಾರದ ಕಡಿಂದ್ರಿ," ಅಂದೆ. ಆಟ ಮುಂದುವರಿಯಿತು. ಗೆದ್ದೆವು.

ಜಿಲ್ಲಾ ಮಟ್ಟದ ಪಂದ್ಯಕ್ಕೆ ಹೋದೆವು. ಗೆದ್ದರೆ ಮುಂದಿನ ಹಂತ. ನಮ್ಮ ಶಾಲೆಯಿಂದ ಅಲ್ಲಿಯವರೆಗೆ ಯಾರೂ ಹೋಗಿರಲಿಲ್ಲ. ಕೊನೆಯ ರೈಡಿನ ಹೊತ್ತಿಗೆ ಎರಡೂ ತಂಡ ಸಮ ಸಮ. ನಮ್ಮ ಚುರುಕು ಹುಡುಗಿ ಒಳಗೆ ನುಗ್ಗಿದಳು. ನಾನು ನಿಂತಲ್ಲಿ ನಿಲ್ಲಲಾಗದೆ ಸೆರಗಿನ ತುದಿ ಕಚ್ಚಿದ್ದೆ. ಬದಿಯ ಗೆರೆಯ ಹತ್ತಿರ ಬಿಳಿ ಅಂಗಿ, ಬಿಳಿ ಪ್ಯಾಂಟು ಹಾಕಿದ ಉದ್ದನೆಯ ಅಂಪೈರ್ ನಿಂತಿದ್ದರು. ಇವಳು ಓಡುತ್ತಲೇ ಕೈ ಚಾಚಿ ಅವರ ಸೊಂಟ ಹಿಡಿದು, ಗರ್ರನೆ ಒಂದು ಸುತ್ತು ಹೊಡೆದು, ಇಬ್ಬರನ್ನು ಮುಟ್ಟಿ ನಮ್ಮ ಕಡೆ ಬಂದು ನಿಂತಳು. ಅಂಪೈರ್ ಇನ್ನೂ ತಿರುಗುತ್ತಿದ್ದರು.

ಸೀಟಿ ಊದುವಷ್ಟು ಉಸಿರು ಅವರಿಗೆ ಬರಲು ಸ್ವಲ್ಪ ಹೊತ್ತೇ ಹಿಡಿಯಿತು. ಗೆರೆಯಾಚೆ ನಿಂತವರನ್ನು ಹಿಡಿದದ್ದಕ್ಕೆ ಹುಡುಗಿ ಔಟ್, ನಾವು ಒಂದು ಅಂಕದಿಂದ ಸೋತೆವು.

"ಯಾಕವಾ ನನ್ನ ಹಿಡದಿ?" ಅಂತ ಅಂಪೈರ್ ಕೇಳಿದರು.

ಅವಳು ಕಣ್ಣು ಒರೆಸಿಕೊಳ್ಳುತ್ತ, "ನಮ್ಮ ಸಾಲ್ಯಾಗ ಇಲ್ಲೊಂದು ಕಂಬ ಐತ್ರಿ ಸರ್," ಅಂದಳು.

ಬಹುಮಾನ ಕೊಡಲು ಬಂದ ಅಧಿಕಾರಿಯೊಬ್ಬರು ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದರು. ನನ್ನನ್ನು ಹತ್ತಿರ ಕರೆದು ಬಹಳ ಕಳಕಳಿಯಿಂದ ಹೇಳಿದರು: "ಮಕ್ಕಳಿಗಿ ಅನ್ಯಾಯ ಆಗಬಾರದು ಮೇಡಂ. ಒಂದು ಅರ್ಜಿ ಕೊಡ್ರಿ, ಮುಂದಿನ ವರ್ಷ ಇಲ್ಲೂ ಒಂದು ಕಂಬ ಹಾಕಸ್ತೇನಿ."